ವಿಭೂತಿ ಹಚ್ಚಿದ ಸ್ಟೆಪ್ನಿ

ನಮ್ಮ ಮಾವನವರ ಬಲಗೈಯ ಮೂರು ಬೆರಳುಗಳ ತುದಿ ಯಾವಾಗಲೂ ಬೆಳ್ಳಗಿರುತ್ತಿತ್ತು. ಬೆಳಗಿನ ಪೂಜೆಯ ವಿಭೂತಿ, ಕೈ ತೊಳೆದರೂ ಪೂರ್ತಿ ಹೋಗದು. ಲೈಟಿನ ಸ್ವಿಚ್ಚು, ಮಾಗಡಿ ಪೇಟೆಯ ನಮ್ಮ ದಿನಸಿ ಅಂಗಡಿಯ ತಕ್ಕಡಿ, ಕಾರಿನ ಸ್ಟೀರಿಂಗು, ಎಲ್ಲದರ ಮೇಲೂ ಆ ಬೆರಳುಗಳ ಗುರುತು. ನನ್ನನ್ನು ‘ಕಾನ್ವೆಂಟಮ್ಮ’ ಎಂದು ಕರೆಯುತ್ತಿದ್ದರು. ಅದರಲ್ಲಿ ಅಣಕವಿತ್ತು, ಅಕ್ಕರೆಯೂ ಇತ್ತು.

ಕಾರೆಂದರೆ ಅವರಿಗೆ ಪ್ರಾಣ, ಅದರ ಡಿಕ್ಕಿಯಲ್ಲಿದ್ದ ಸ್ಟೆಪ್ನಿ ಎಂದರೆ ಇನ್ನೂ ಒಂದು ಕೈ ಹೆಚ್ಚು. ಕಾರಿನ ಜೊತೆ ಬಂದ ಆ ಟೈರನ್ನು ಒಮ್ಮೆಯೂ ಬಳಸಿರಲಿಲ್ಲ. ಪಂಕ್ಚರಾದರೆ ಅಂಗಡಿ ಹುಡುಕಿ ನಿಂತು ತೇಪೆ ಹಾಕಿಸುತ್ತಿದ್ದರೇ ಹೊರತು ಅದನ್ನು ಇಳಿಸುತ್ತಿರಲಿಲ್ಲ. ಪ್ರತಿ ಆಯುಧಪೂಜೆಗೂ ಅದು ಹೊರಬರಬೇಕು, ನಾನು ತೊಳೆಯಬೇಕು, ಅವರು ಮೂರು ಬೆರಳಲ್ಲಿ ವಿಭೂತಿ ಎಳೆದು ಹೂವೇರಿಸಿ ಮತ್ತೆ ಒಳಗಿಡಬೇಕು. “ನೆಲಾನೇ ಮುಟ್ಟಿಲ್ಲ ಕಣಮ್ಮ, ಹಸುಗೂಸು ಇದು” ಎನ್ನುತ್ತಿದ್ದರು.

ಮೈದುನನ ಮದುವೆ ರಾಮನಗರದ ಛತ್ರದಲ್ಲಿ. ಗಂಡೂ ನೆಂಟರೂ ಹಿಂದಿನ ದಿನವೇ ಹೋಗಿದ್ದರು. ಮನೆದೇವರ ಮುಂದಿಟ್ಟಿದ್ದ ತಾಳಿಗೆ ಮದುವೆಯ ಬೆಳಿಗ್ಗೆ ಪೂಜೆಯಾಗಬೇಕೆಂದು ನಾವು ಉಳಿದಿದ್ದೆವು. ಪೂಜೆ ಮುಗಿದ ಮೇಲೆ ಅದನ್ನು ಅತ್ತೆ ಮಡಿಲಲ್ಲಿಟ್ಟುಕೊಂಡರು. ಅವರ ಜೊತೆಗೆ ಮಾವ, ನಮ್ಮ ಯಜಮಾನರು, ನಾನು ಕಾರಿನಲ್ಲಿ ಹೊರಟೆವು. ಬಿಡದಿ ಮೇಲಿನ ದಾರಿ. ಆಗ ಆ ಕಡೆ ಫ್ಯಾಕ್ಟರಿಗಳು ಒಂದರ ಹಿಂದೊಂದು ಏಳುತ್ತಿದ್ದವು, ರಸ್ತೆ ತುಂಬ ಲಾರಿಗಳು ಚೆಲ್ಲಿದ ಜಲ್ಲಿ. ಬಿಡದಿ ಇನ್ನೂ ದೂರವಿರುವಾಗಲೇ ಹಿಂದಿನ ಚಕ್ರ ಕೂತುಬಿಟ್ಟಿತು. ಹತ್ತಿರದಲ್ಲಿ ಒಂದು ಅಂಗಡಿಯೂ ಇಲ್ಲ.

ಯಜಮಾನರು ಸ್ಟೆಪ್ನಿ ಇಳಿಸಿದರು. ತೊಳೆಯುವಾಗೆಲ್ಲ ಅದರ ಪಕ್ಕೆಯಲ್ಲಿ ಎಷ್ಟು ಉಜ್ಜಿದರೂ ಹೋಗದ ಸಣ್ಣ ಬಿಳಿ ಗೆರೆಗಳನ್ನು ಕಂಡಿದ್ದೆ. ಈಗ ಎಳೆಬಿಸಿಲು ಓರೆಯಾಗಿ ಬಿದ್ದಾಗ ತಿಳಿಯಿತು, ಗೆರೆಯಲ್ಲ, ಬಿರುಕು. ಒಳಗೆ ಹಳೆಯ ವಿಭೂತಿ ಕೂತಿತ್ತು.

“ಮಾವ, ಇದು ಬೇಡ. ರಬ್ಬರ್ ಒಡೆದಿದೆ.”

“ಸುಮ್ಕಿರು. ಓಡ್ದೇ ಇರೋದು ಹೆಂಗ್ ಹಾಳಾಯ್ತದೆ?” ಎಂದರು ಯಜಮಾನರು.

“ಕೂತಲ್ಲೇ ಕೂತವರ ಹಿಮ್ಮಡೀನೂ ಒಡೆಯುತ್ತಲ್ಲ?”

“ಮುಹೂರ್ತ ಮೀರ್ತಾ ಐತೆ, ಇವಳು ಟೈರಿನ ಹಿಮ್ಮಡಿ ನೋಡ್ತಾವ್ಳೆ!” ಎಂದು ಅತ್ತೆ ಸಿಡುಕಿದರು.

ಮಾವ ರೇಷ್ಮೆ ಪಂಚೆಯಲ್ಲೇ ಧೂಳಿನಲ್ಲಿ ಕುಕ್ಕರಗಾಲಲ್ಲಿ ಕೂತು, ಆ ಮೂರು ಬೆರಳುಗಳನ್ನು ಟೈರಿನ ಸುತ್ತ ಮೆಲ್ಲಗೆ ಓಡಿಸಿದರು. ಆಮೇಲೆ ಮಗನಿಗೆ, “ಒಳಿಕ್ಕಾಕ್ಲಾ ಅದನ್ನ” ಎಂದರು. ನನ್ನ ಕಡೆ ತಿರುಗಿ, “ನಾನು ವರ್ಸವರ್ಸ ಕೈ ಮುಗ್ದೆ. ಮೈ ತೊಳ್ದೋಳು ನೀನು. ನೀನು ಕಂಡಿದ್ದೇ ದಿಟ.”

ಹಿಂದಿನಿಂದ ಬಿಡದಿ ಕಡೆಗೆ ಬಂದ ಫ್ಯಾಕ್ಟರಿ ಬಸ್ಸಿಗೆ ಎರಡೂ ಕೈ ಅಡ್ಡ ಹಿಡಿದು ನಿಂತರು. “ತಾಳಿ ಐತೆ ಕಣ್ರಪ್ಪ, ಗಂಡು ಕಾಯ್ತಾ ಕುಂತವ್ನೆ!” ಕಾರಿಗೆ ಬೀಗ ಹಾಕಿ ಅಲ್ಲೇ ಬಿಟ್ಟು ಹತ್ತಿದೆವು. ನೀಲಿ ಅಂಗಿಯ ಕೆಲಸಗಾರರು ಎದ್ದು ಜಾಗ ಕೊಟ್ಟರು. “ಲೇಟಾದ್ರೆ ನಮ್ ಸೂಪರ್‌ವೈಜರ್‌ಗೆ ನೀವೇ ಬಂದು ಹೇಳ್ಬೇಕು ಕಣಜ್ಜಿ” ಎಂದೊಬ್ಬ ನಗಿಸಿದ. ಸಿಡುಕುತ್ತಿದ್ದ ಅತ್ತೆಯೂ ನಕ್ಕರು. ಬಿಡದಿಯಲ್ಲಿ ಮೈಸೂರು ಬಸ್ಸು ಹಿಡಿದು ಛತ್ರ ಮುಟ್ಟಿದಾಗ ಗಂಡು ಹಸೆಮಣೆ ಮೇಲೆ ಕೂತು ಬಾಗಿಲನ್ನೇ ನೋಡುತ್ತಿದ್ದ. ಮುಹೂರ್ತ ಮೀರಿರಲಿಲ್ಲ.

ಆ ಟೈರು ದಾರಿಯಲ್ಲಿ ಒಡೆಯುತ್ತಿತ್ತೋ, ಸುಮ್ಮನೆ ಓಡಿಬಿಡುತ್ತಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮಾವ ಅದನ್ನು ಪರೀಕ್ಷೆ ಮಾಡಿ ನೋಡಲೂ ಇಲ್ಲ. ಹಿತ್ತಲಿನ ಕರಿಬೇವಿನ ಗಿಡದ ಬುಡಕ್ಕೆ ಕಟ್ಟೆಯಾಗಿ ಹಾಕಿ, ಹೊಸದೊಂದನ್ನು ತಂದರು. ಮುಂದಿನ ಹಬ್ಬಕ್ಕೆ ವಿಭೂತಿ ಎಳೆಯುವ ಮೊದಲು ಕೂಗಿದರು: “ಬಾ ಕಾನ್ವೆಂಟಮ್ಮ, ಒಂದ್ಸಲ ನೋಡ್ಬುಡು.”

ಈಗ ಮಾವನವರಿಲ್ಲ. ಹಬ್ಬದ ಬೆಳಿಗ್ಗೆ ಯಜಮಾನರು ವಿಭೂತಿ ತಟ್ಟೆ ಹಿಡಿದು ಕಾಯುತ್ತ ನಿಂತಿರುತ್ತಾರೆ, ನಾನು ಚಕ್ರಗಳನ್ನೆಲ್ಲ ಸುತ್ತಿ ನೋಡಿ ತಲೆಯಾಡಿಸುವ ತನಕ.