ಇಲ್ಲದ ಪ್ರಿಂಟರಿಗೆ ಕುಂಕುಮ

ನಮ್ಮ ಮನ್ಯಾಗ ಒಂದು ಪ್ರಿಂಟರ್ ಐತಿ. ಅದನ್ನ ಇಲ್ಲೀತನಕ ಯಾರೂ ಕಣ್ಣಿಂದ ನೋಡಿಲ್ಲ. ಅದಕ್ಕ ಇಂಕ್ ಬ್ಯಾಡ, ಕಾಗದ ಬ್ಯಾಡ, ಧೂಳು ಬೀಳಬಾರದಂತ ಮ್ಯಾಲ ಹೊದಸಾಕ ಹಳೇ ಟವೆಲ್ಲೂ ಬ್ಯಾಡ. ಹೈದರಾಬಾದಿನ ಇಡೀ ಹಿಮಾಯತ್‌ನಗರದಾಗ ಇಂಥಾದು ನಮ್ಮನ್ಯಾಗ ಒಂದ ಐತಿ ಅಂತ ನಾನು ಕಾಲೇಜಿನಾಗ ಎಲ್ಲಾರಿಗೂ ಹೇಳೀನಿ. ಸುಳ್ಳು ಅನ್ನೋರು ಬಂದು ನೋಡ್ಕೋಬಹುದು. ಬಂದ್ರ ಏನು ಕಾಣ್ತೈತಿ, ಅದು ಬ್ಯಾರೆ ಮಾತು.

ಇದೆಲ್ಲಾ ಶುರು ಆಗಿದ್ದು ಆಯಿ ಗಂಟಲಿಂದ. ಆಯಿ ಅಂದ್ರ ನಮ್ಮಪ್ಪನ ಅವ್ವ. ನಮ್ಮ ಕಲಬುರ್ಗಿ ಕಡೆ ಲಗ್ನದಾಗ ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನ ಹಾಡಿನಾಗ ಕಾಡಸ್ತಾರ, ಅವರು ತಿರುಗಿ ಇವರನ್ನ ಕಾಡಸ್ತಾರ. ಬೀಗರ ಹಾಡು ಅಂತಾರ. ಉತ್ತರ ಹೊಳೀದ ಸುಮ್ನ ಕುಂತವರು ಸೋತಂಗ. ಆಯಿ ಹರೇದಾಗ ಹಾಡಾಕ ಸೆರಗು ಸಿಗಿಸಿ ಎದ್ದು ನಿಂತ್ಲು ಅಂದ್ರ ಬೀಗರು ಊಟ ಬಿಟ್ಟು ಬಸ್‌ಸ್ಟ್ಯಾಂಡ್ ದಾರಿ ಹಿಡೀತಿದ್ರಂತ. ಇದನ್ನ ಹೇಳಿದ್ದೂ ಆಯಿನ, ಹಂಗಾಗಿ ಸಾಕ್ಷಿ ಭಾಳ ಗಟ್ಟಿ ಐತಿ.

ಈಗ ನೋಡ್ರಿ, ಅಕ್ಕನ ಲಗ್ನ ಗೊತ್ತಾತು. ಹುಬ್ಬಳ್ಳಿ ಬೀಗರು. ಬೀಗತಿ, ಅಂದ್ರ ಅಕ್ಕನ ಅತ್ತಿ ಆಗೋರು, ಹಾಡಿನಾಗ ಭಾಳ ಜೋರು ಅಂತ ಸುದ್ದಿ. ಬರೋಬ್ಬರಿ ಅದ ಹೊತ್ತಿಗೆ ಆಯಿ ಗಂಟಲು ಕೂತುಬಿಡ್ತು. ಹಾಡೋದಿರಲಿ, ಜೋರಾಗಿ ಬೈಯಲೂ ಬಾರದು ಅಂದ್ರು ಡಾಕ್ಟರ್. ನಮ್ಮ ಕಡೆ ಹುಡುಗ್ಯಾರೆಲ್ಲಾ ಹೈದರಾಬಾದಿನಾಗ ಹುಟ್ಟಿದವರು. ಕಾಲೇಜಿನಾಗ ತೆಲುಗು, ಆಟೋದವನ ಜೋಡಿ ಹಿಂದಿ, ಹಸಿವಾದಾಗ ಮಾತ್ರ ಕನ್ನಡ. ಒಬ್ಬಾಕಿಗೂ ಒಂದು ಹಾಡು ಪೂರಾ ಬರಂಗಿಲ್ಲ.

"ನಾ ಇನ್ನೂ ಕಣ್ಣು ಬಿಟ್ಕೊಂಡು ಕುಂತಾಗಲೇ ನಮ್ಮ ಮನಿ ಹೆಣ್ಮಕ್ಕಳು ಬೀಗರ ಮುಂದ ಬಾಯಿ ಮುಚ್ಕೊಂಡು ಕುಂದ್ರಬೇಕಾತಲ್ಲ" ಅಂದ್ಲು ಆಯಿ, ಗೊಗ್ಗರು ದನಿಯಾಗ. ಆವತ್ತು ರೊಟ್ಟಿ ಅರ್ಧಕ್ಕ ಬಿಟ್ಟು ಎದ್ಲು. ನಮ್ಮ ಆಯಿ ರೊಟ್ಟಿ ಬಿಡೋದಂದ್ರ ಸಣ್ಣ ಮಾತಲ್ಲ.

"ಚಿಂತಿ ಬಿಡು ಆಯಿ" ಅಂದೆ ನಾನು. "ನೀ ಹೇಳ್ಕೋತ ಹೋಗು, ನಾ ಕಂಪ್ಯೂಟರ್‌ನಾಗ ಹೊಡೀತೀನಿ. ಪುಸ್ತಕ ಮಾಡಿ ಎಲ್ಲಾರ ಕೈಯಾಗ ಕೊಡೂಣು."

ಆಯಿ ಹೇಳಿದ್ಲು, ನಾ ಹೊಡದೆ. ‘ಬೀಗರು ಬಂದಾರ ಬಿಳಿ ಮೋಟಾರ ಏರಿ, ಇಳಿಯೂದರಾಗ ಕೇಳ್ಯಾರ ಊಟದ ದಾರಿ’ ಅಂತ ಶುರು ಆಗಿ, ಮಾವನ ಹೊಟ್ಟಿ, ಮೈದುನನ ಮೀಸಿ, ಯಾರನ್ನೂ ಬಿಡಲಿಲ್ಲ. ಫ್ಲಾಪಿಯೊಳಗ ಹಾಕ್ಕೊಂಡು ಕೋಠಿಗೆ ಹೋದೆ. ಪುಸ್ತಕದ ಅಂಗಡಿ ಸಾಲಿನಾಗ ಒಬ್ಬಾಂವ ಪ್ರಿಂಟ್ ತಗದು ಕೊಡ್ತಾನ. ಅವನ ಕಂಪ್ಯೂಟರ್‌ನಾಗ ಕನ್ನಡ ಫಾಂಟ್ ಇರಲಿಲ್ಲ. ತಗದು ನೋಡಿದ್ರ, ಬೀಗರ ಹೊಟ್ಟಿ ಇದ್ದಲ್ಲಿ ಡಬ್ಬಿ, ಮೀಸಿ ಇದ್ದಲ್ಲಿ ಪ್ರಶ್ನೆ ಚಿಹ್ನೆ, ನಡುನಡುವ ಇಂಗ್ಲಿಷ್ ಅಕ್ಷರ ಚೆಲ್ಲಾಪಿಲ್ಲಿ. "ಇದಿ ಏ ಭಾಷ ಅಮ್ಮಾ?" ಅಂದ ಅವ. ಯಾವ ಭಾಷಾ ಅಂತ ಹೇಳಲಿ? ನನಗೂ ಓದಾಕ ಬರಲಿಲ್ಲ.

ಆವಾಗ ಸಿಕ್ಕಿದ್ದು ಈ ಪ್ರಿಂಟರ್. ಕಂಪ್ಯೂಟರ್ ಮ್ಯಾಗಜೀನ್ ಜೋಡಿ ಒಂದು ಸೀಡಿ ಪುಕ್ಕಟೆ ಬರ್ತೈತಲ್ಲ, ಅದರಾಗಿತ್ತು. ಜಗತ್ತಿನಾಗ ಮೊದಲು ಕಂಡುಹಿಡದಾಕಿ ನಾನ ಅಂತ ಹೇಳಂಗಿಲ್ಲ. ನಮ್ಮ ಗಲ್ಲಿ ಮಟ್ಟಿಗೆ ಹೇಳ್ತೀನಿ. ಆ ಸಾಫ್ಟ್‌ವೇರ್ ಹಾಕಿದ ಮ್ಯಾಲ ‘ಪ್ರಿಂಟ್’ ಒತ್ತಿದ್ರ, ಕಂಪ್ಯೂಟರ್ ತನಗೊಂದು ಪ್ರಿಂಟರ್ ಐತಿ ಅಂತ ನಂಬಿಬಿಡ್ತೈತಿ. ಭಕ್ತಿಯಿಂದ ಪುಟ ಕಳಸ್ತೈತಿ. ಆಕಡೆ ಕಾಗದದ ಬದಲಿ ಒಂದು ಫೈಲು ಹುಟ್ತೈತಿ. ಅಕ್ಷರ ಅದರೊಳಗ ಗಟ್ಟಿಯಾಗಿ ಕುಂತಿರ್ತಾವ. ಯಾವ ಊರಾಗ, ಯಾವ ಕಂಪ್ಯೂಟರ್‌ನಾಗ ತಗದ್ರೂ ಮೀಸಿ ಮೀಸೀನ, ಹೊಟ್ಟಿ ಹೊಟ್ಟೀನ.

ಇದಕ್ಕ ವರ್ಚುವಲ್ ಪ್ರಿಂಟರ್ ಅಂತಾರ. ಇಂಟರ್, ಅಂದ್ರ ನಿಮ್ಮ ಪಿಯುಸಿ, ಅದರ ಫಿಸಿಕ್ಸ್ ಪುಸ್ತಕದಾಗೂ ಈ ಮಾತು ಬರ್ತೈತಿ. ಕನ್ನಡಿಯೊಳಗ ಕಾಣೋ ನಮ್ಮ ಮಾರಿ ವರ್ಚುವಲ್. ಕಾಣ್ತೈತಿ, ಆದ್ರ ಅಲ್ಲಿಲ್ಲ. ಹಂಗ ನೋಡಿದ್ರ ಈಗ ಹೈದರಾಬಾದಿನಾಗ ಅರ್ಧ ಇರೋದು ಹಿಂಗ. ನಮ್ಮ ಮಾಮಾ ಶಂಶಾಬಾದ್ ಕಡೆ ಏರ್‌ಪೋರ್ಟ್ ಬರ್ತೈತಿ ಅಂತ ಪ್ಲಾಟ್ ಹಿಡದಾನ. ಬಣ್ಣದ ನಕ್ಷಾದಾಗ ತೋಟ, ಕಾರಂಜಿ, ಸೈಕಲ್ ಹೊಡಿಯೋ ಹುಡುಗ ಎಲ್ಲಾ ಅದಾರ. ಹೋಗಿ ನೋಡಿದ್ರ ಬಂಡಿಗಲ್ಲು, ಎರಡು ಮೇಕಿ. ಆದ್ರೂ ಮಾಮಾ ಆ ಕಾರಂಜಿ ಯಾವ ಕಿಟಕಿಯಿಂದ ಕಾಣಬೇಕು ಅಂತ ಮಾಮಿ ಜೋಡಿ ಜಗಳಾಡ್ತಾನ.

ಅಪ್ಪಗ ಮಾತ್ರ ಇದು ಹಿಡಸಲಿಲ್ಲ. ಅಪ್ಪ ಸರ್ಕಾರಿ ಆಫೀಸಿನಾಂವ. "ಕೈಗೆ ಹತ್ತಲಾರದ ಕಾಗದಕ್ಕ ಶಿಕ್ಕಾ ಎಲ್ಲಿ ಹೊಡಿಯೋದು?" ಅಂದ. ಆಯಿ ಹಂಗಲ್ಲ. ಕುರ್ಚಿ ಎಳಕೊಂಡು ಕುಂತು ಕೇಳಿದ್ಲು:

"ಎಲ್ಲೈತಿ ಪ್ರಿಂಟರು?"

"ಇಲ್ಲ."

"ಮತ್ತ ಅಚ್ಚಾತು ಅಂತೀ?"

"ಆತು."

ಆಯಿ ಸ್ಕ್ರೀನ್ ಹಿಂದ ಒಮ್ಮೆ ಹಣಕಿ ನೋಡಿದ್ಲು. "ನಿರಾಕಾರ ಅನ್ನು" ಅಂದ್ಲು. ಮುಗೀತು. ನಮ್ಮ ಲೆಕ್ಚರರಿಗೆ ಇಷ್ಟ ಹೇಳಾಕ ಒಂದು ಪಿರಿಯಡ್ ಹಿಡೀತಿತ್ತು.

ಆದ್ರ ನಮ್ಮ ಮನ್ಯಾಗ ಏನ ಅಚ್ಚಾಗಲಿ, ಮೊದಲನೇ ಪ್ರತಿ ದೇವರ ಜಗಲಿ ಮ್ಯಾಲ ಇಟ್ಟು ಪೂಜಿ ಮಾಡದ ಹೊರಗ ಹೋಗಂಗಿಲ್ಲ. ಈ ಸಲ ಮೊದಲನೇ ಪ್ರತಿ ಯಾವುದು? ಸೀಡಿಯೊಳಗ ಹಾಕಿದ್ದೆ, ಸೀಡೀನ ಕೊಟ್ಟೆ. ಆಯಿ ಅದನ್ನ ಹೊಳ್ಳಿಸಿ ಮಳ್ಳಿಸಿ ನೋಡಿದ್ಲು. ಒಂದು ಕಡೆ ನನ್ನ ಸೊಟ್ಟ ಅಕ್ಷರ, ಇನ್ನೊಂದು ಕಡೆ ಥಳಥಳ. ಯಾವ ಕಡೆ ಮಾರಿ ಕಾಣ್ತೈತೋ ಅದ ಮಾರಿ ಅಂತ ತೀರ್ಮಾನ ಮಾಡಿ, ಥಳಥಳ ಹೊಳಿಯೋ ಕಡೆಗೆ ವಿಭೂತಿ ಎಳದು, ಅರಿಷಿಣ-ಕುಂಕುಮ ಒತ್ತಿ, ನಡುವಿನ ತೂತಿಗೆ ಒಂದು ಮಲ್ಲಿಗಿ ಮೊಗ್ಗು ಸಿಗಿಸಿದ್ಲು. ನಾ ಆವಾಗ ಜಳಕಕ್ಕ ಹೋಗಿದ್ದೆ. ಬರೂದರಾಗ ಡಬ್ಬಿಯೊಳಗ ಹಾಕಿ ಮುಚ್ಚಿ ಕೊಟ್ಲು.

ಕೋಠಿ ಅಂಗಡಿಯವ ಡಬ್ಬಿ ನನ್ನ ಕೈಯಿಂದ ತಗೊಂಡು, ನೋಡದನ ಸೀಡಿ ಒಳಗ ತಳ್ಳಿದ. ಮಿಷಿನ್ನು ಮಿಕ್ಸರ್‌ನಾಗ ಕೊಬ್ಬರಿ ಹಾಕಿದಂಗ ಗರಗರ ಅಂತು. ಹೊರಗ ಬಂದ ಸೀಡಿ ಅರ್ಧ ಕೆಂಪು, ಅರ್ಧ ಹಳದಿ. ಮೊಗ್ಗು ಒಳಗ ಉಳೀತು. "ಸೀಡೀಕಿ ಬೊಟ್ಟು ಪೆಟ್ಟಿಂಡ್ರಾ?" ಅಂತ ಅವ ಎದ್ದು ನಿಂತು ಇಡೀ ಸಾಲಿಗೆ ಕೇಳೂವಂಗ ಕೂಗಿದ. ಸೀಡಿಗೆ ಕುಂಕುಮ ಹಚ್ಚಿದ್ದನ್ನ ನೋಡಾಕ ಮೆಡಿಕಲ್ ಪುಸ್ತಕ ಕೊಳ್ಳಾಕ ಬಂದ ಮಂದಿನೂ ಸೇರಿದ್ರು. ನಾ ಹಿಂಜರೀಲಿಲ್ಲ. "ಕರ್ನಾಟಕದಾಗ ಎಲ್ಲಾ ಹಿಂಗ ಮಾಡ್ತಾರ" ಅಂತ ತೆಲುಗಿನಾಗ ಹೇಳಿ ಬಂದೆ.

ಮನಿಗೆ ಬಂದು ಇನ್ನೊಂದು ಸೀಡಿ ಮಾಡಿದೆ. "ಆಯಿ, ಈ ಸಲ ಡಬ್ಬಿಗೆ ಹಚ್ಚು" ಅಂದೆ. "ಯಾಕ, ಮೊದಲಿಂದಕ್ಕ ಏನಾತು?" "ಮಿಷಿನ್ನಿಗೆ ಅಷ್ಟು ಭಕ್ತಿ ತಡಿಯಾಕ ಆಗಲಿಲ್ಲ." ಆಯಿ ನಕ್ಳು, ನಕ್ಕಿದ್ದು ಕೆಮ್ಮಾತು. ಮರುದಿನ ಪುಸ್ತಕ ಬಂತು. ಒಂದು ಅಕ್ಷರ ಅಲಗಾಡಿರಲಿಲ್ಲ.

ಈಗ ಅಪ್ಪನ ಸರದಿ. ಪುಸ್ತಕ ಕೈಗೆ ಹತ್ತಿದ್ದ ತಡ, ಅಪ್ಪಗ ಆ ಪ್ರಿಂಟರ್ ಮ್ಯಾಲ ಎಲ್ಲಿಲ್ಲದ ಪ್ರೀತಿ ಬಂತು. ಹೊಸದಾಗಿ ಭಕ್ತರಾದವರು ಭಾಳ ಅಪಾಯ. ನನ್ನನ್ನ ಕೇಳದ ಆ ಫೈಲ್‌ನ ಆಫೀಸಿಂದ ಹುಬ್ಬಳ್ಳಿ ಬೀಗರಿಗೆ ಮೇಲ್ ಮಾಡಿಬಿಟ್ಟ, "ತಮ್ಮ ಅವಗಾಹನೆಗಾಗಿ" ಅಂತ ಬರದು. ಅಲ್ಲಿಯೂ ಅಕ್ಷರ ಎಲ್ಲಾ ಬರೋಬ್ಬರಿ ಕಂಡ್ವು. ಪ್ರಿಂಟರ್ ಅಷ್ಟು ಚಲೋ ಇತ್ತು.

ಲಗ್ನದ ದಿನ ಊಟಕ್ಕ ಪಂಕ್ತಿ ಕುಂತ್ವು. ನಮ್ಮ ಹುಡುಗ್ಯಾರು ಪುಸ್ತಕ ತಗದು, ತೆಲುಗು ಅಕ್ಷರದ ಅಂದಾಜಿನ ಮ್ಯಾಲ ಕನ್ನಡ ಕೂಡಿಸ್ಕೋತ, ಬಿಳಿ ಮೋಟಾರು ಎಬ್ಬಿಸಿದ್ರು. ಮುಗಿಯೂದರಾಗ ಬೀಗತಿ ಮೂಗಿನ ಮ್ಯಾಲ ಚಾಳೀಸು ಏರಿಸಿ, ತಮ್ಮ ಪ್ರತಿ ತಗದು, ಉತ್ತರ ಹಾಡಿಬಿಟ್ರು. ಎರಡನೇದಕ್ಕೂ ತಯಾರು. ಮೂರನೇದಕ್ಕ ನಾವು ಬಾಯಿ ತಗಿಯೋ ಮೊದಲ ಉತ್ತರ! ಪುಟದ ಅಂಚಿನಾಗ ಎಲ್ಲಾ ಪೆನ್ಸಿಲ್‌ನಿಂದ ಬರಕೊಂಡು ಬಂದಿದ್ರು. ಗಂಡಿನ ಕಡೆ ಚಪ್ಪಾಳಿ. ಅಪ್ಪ ಸಾರಿನ ಬಕೆಟ್ ಹಿಡಕೊಂಡು ಕಂಬದ ಹಿಂದ ಹೋದ.

ನಾ ಆಯಿ ಮಾರಿ ನೋಡಿದೆ. ತಲಿ ಕೆಳಗ ಹಾಕಿ ಹೋಳಿಗಿ ಮುರೀತಿದ್ಲು. ಆಮ್ಯಾಲ ಆ ಪುಸ್ತಕ ಎಲಿ ಕೆಳಗ ಸರಿಸಿ, ತುಪ್ಪದ ಕೈಯಿಂದ ನನ್ನ ಕಿವಿ ಹಿಡಕೊಂಡು ಎಳದ್ಲು. ಪಿಸುಮಾತಿನಾಗ ಎರಡು ಸಾಲು ಹೇಳಿದ್ಲು. ನನ್ನ ದನಿ ಹೆಂಗಂದ್ರ, ನಾ ಹಾಡಿದ್ರ ಮಗ್ಗಲ ಮನಿಯವರು ಕಿಟಕಿ ಹಾಕ್ಕೊಂತಾರ. ಆದ್ರೂ ಎದ್ದು ನಿಂತು ಒದರಿದೆ:

"ಪುಸ್ತಕ ಹಿಡದು ಹಾಡ್ಯಾಳ ನಮ್ಮ ಬೀಗತಿ,
ಚಾಳೀಸು ಜಾರಿದರ ಮುಂದೇನ ಗತಿ!"

ಬೀಗತಿ ಪುಟ ತಿರುವಿದ್ರು. ಹಿಂದ ತಿರುವಿದ್ರು. ಕಡೀ ಪುಟಕ್ಕ ಹೋದ್ರು. "ಇದು ಇದರಾಗ ಇಲ್ಲಲ್ರೀ!" ಅಂದ್ರು. ಅನ್ನೂದರಾಗ ಚಾಳೀಸು ಖರೇನ ಜಾರಿ ಹೋಳಿಗಿ ಮ್ಯಾಲ ಬಿತ್ತು. ಮೊದಲು ನಕ್ಕಿದ್ದು ಅವರ. ಆಮ್ಯಾಲ ಇಡೀ ಪಂಕ್ತಿ. ಆಯಿ ಮತ್ತ ನನ್ನ ಕಿವಿ ಎಳದ್ಲು, ನಾ ಮತ್ತ ಒದರಿದೆ, ಹುಡುಗ್ಯಾರು ಪುಸ್ತಕ ಬಿಟ್ಟು ನನ್ನ ಹಿಂದ ದನಿ ಕೂಡಿಸಿದ್ರು. ಕಡೀಕ ಬೀಗತಿ ಎದ್ದು ಬಂದು ಆಯಿ ಎಲಿಗೆ ತಮ್ಮ ಕೈಯಾರೆ ಹೋಳಿಗಿ ಬಡಿಸಿದ್ರು. ಬೀಗರ ಹಾಡಿನಾಗ ಸೋಲು ಒಪ್ಪೋದು ಹಂಗ.

ಮನಿಗೆ ಬಂದ ಮ್ಯಾಲ ನಾ ಕಂಪ್ಯೂಟರ್ ಚಾಲೂ ಮಾಡಿದೆ. "ಹೇಳು ಆಯಿ, ಮರಿಯೂದರಾಗ ಹೊಸಾವನ್ನೂ ಹೊಡದಿಡ್ತೀನಿ."

"ಬಂದ್ ಮಾಡು ಅದನ್ನ" ಅಂದ್ಲು ಆಯಿ. "ನಿನ್ನ ಲಗ್ನ ಇನ್ನೂ ಬಾಕಿ ಐತಿ. ಆ ಬೀಗರೂ ಓದ್ಕೊಂಡು ಬರಬೇಕೇನು?"