ಐನೂರು ರೂಪಾಯಿ ಕೊಸರು

ಅರಸೀಕೆರೆಯ ದೇವೀರಪ್ಪನವರದು ತೆಂಗಿನಕಾಯಿ ವ್ಯಾಪಾರ. ಆ ಮನೆಯಲ್ಲಿ ಕೊಸರು ಕೇಳದೆ ಯಾವ ವ್ಯವಹಾರವೂ ಮುಗಿಯುವುದಿಲ್ಲ. ನೂರು ಕಾಯಿ ಎಣಿಸಿಕೊಂಡ ಮೇಲೆ ಒಂದೋ ಎರಡೋ ಕಾಯಿ ಎಣಿಕೆಗೆ ಸೇರದಂತೆ ರಾಶಿಯ ಮೇಲೆ ಬೀಳಬೇಕು. ಸೊಪ್ಪಿನವಳ ಹತ್ತಿರ ನಾಲ್ಕು ದಂಟು, ಹಾಲಿನವನ ಹತ್ತಿರ ಒಂದು ಗುಟುಕು, ಬಟ್ಟೆ ಅಂಗಡಿಯಲ್ಲಾದರೆ ಒಂದು ಕರವಸ್ತ್ರ. ಸೊಸೆಯಾಗಿ ಬಂದ ಶಿಲ್ಪಾ ಮೊದಮೊದಲು ಕೇಳಲು ನಾಚಿಕೊಳ್ಳುತ್ತಿದ್ದಳು. ಅತ್ತೆ ವಿಶಾಲಮ್ಮ ಅವಳ ಮೊಣಕೈ ತಿವಿದು, "ಕೇಳಮ್ಮ, ಬಾಯೇನು ಸವೆಯಾಕಿಲ್ಲ," ಎಂದು ಕಲಿಸಿದರು. ಕಲಿತದ್ದು ಎಷ್ಟು ಚೆನ್ನಾಗಿ ಮೈಗೂಡಿತೆಂದರೆ ಒಮ್ಮೆ ಔಷಧಿ ಅಂಗಡಿಯಲ್ಲಿ ಜ್ವರದ ಮಾತ್ರೆಗೂ ಕೊಸರು ಕೇಳಿ ನಗೆಪಾಟಲಾಗಿದ್ದಳು.

ದೇವೀರಪ್ಪನವರ ಮಗ, ಅವಳ ಗಂಡ ಮಹಾಂತೇಶ್, ಕಾಯಿ ಮಂಡಿಯಲ್ಲಿ ಕೂರಲಿಲ್ಲ. ಅವನು ಡಿಜೆ ಮಹಿ. ಬಿಕ್ಕೋಡಿನ ಆಚೆ, ಕಾಫಿ ತೋಟಗಳ ನಡುವೆ ಒಂದು ರೆಸಾರ್ಟ್ ಇದೆ. ಅದರೊಳಗೊಂದು ಕ್ಲಬ್ಬು. ಶನಿವಾರ ಶನಿವಾರ ಅಲ್ಲಿ ಮಹಿಯ ಹಾಡಿಗೆ ಬೆಂಗಳೂರಿನಿಂದ ಬಂದವರು ಕುಣಿಯುತ್ತಾರೆ. ಮಧ್ಯಾಹ್ನದ ಊಟ ಮುಗಿಸಿ ಅವನು ಕಪ್ಪು ಅಂಗಿ ತೊಟ್ಟು ಹೊರಡುತ್ತಾನೆ. ಜಾವಗಲ್ ದಾಟಿ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ ಶಿಲ್ಪಾಳ ತಾಯಿಯ ಮನೆಯಲ್ಲಿ ನಿಂತು ಕಾಫಿ ಕುಡಿಯುತ್ತಾನೆ. ತನ್ನ ಮನೆಯಿಂದ ತಂದಿಟ್ಟ ಕ್ಯಾರಿಯರಿನಲ್ಲಿ ಅವರು ಕಟ್ಟಿಕೊಟ್ಟ ರೊಟ್ಟಿ ಇಸಿದುಕೊಂಡು ಬೇಲೂರಿನ ಮೇಲೆ ಹೋಗುತ್ತಾನೆ. ಕ್ಲಬ್ಬಿನ ಎಣ್ಣೆ ಊಟ ಅವನಿಗೆ ಆಗುವುದಿಲ್ಲ.

ಕ್ಲಬ್ಬಿನಲ್ಲಿ ನಿಂತು ಗುಂಡಿ ತಿರುಗಿಸುವವನು ಮಹಾಂತೇಶ್. ಆದರೆ ಯಾವ ಹಾಡಿನ ಹಿಂದೆ ಯಾವ ಹಾಡು, ಒಂದರ ಬಾಲಕ್ಕೆ ಇನ್ನೊಂದರ ತಲೆಯನ್ನು ಎಲ್ಲಿ ಬೆಸೆಯಬೇಕು, ಕುಣಿಯುವವರು ಸುಸ್ತಾಗುವ ಹೊತ್ತಿಗೆ ಯಾವ ಹಳೆಯ ಹಾಡು ಎತ್ತಬೇಕು, ಇದನ್ನೆಲ್ಲ ಹೊಂದಿಸಿ ಮೂರು ಗಂಟೆಯ ಒಂದು ಸರವಾಗಿ ಪೋಣಿಸುವವಳು ಶಿಲ್ಪಾ. ಅದಕ್ಕೆ ಸೆಟ್ ಎನ್ನುತ್ತಾರೆ. ಪ್ರತಿ ವಾರ ಹೊಸ ಸೆಟ್ ಬೇಕು. ಕಾಲೇಜಿನಲ್ಲಿ ವಾರ್ಷಿಕೋತ್ಸವದ ಕುಣಿತಗಳಿಗೆ ಹಾಡು ಜೋಡಿಸಿ ಕೊಡುತ್ತಿದ್ದವಳು ಅವಳೇ. ಮದುವೆಯಾದ ಹೊಸದರಲ್ಲಿ ಗಂಡ ಒದ್ದಾಡುವುದನ್ನು ನೋಡಲಾರದೆ ಒಂದು ಸಲ ಸರಿಮಾಡಿ ಕೊಟ್ಟಳು. ಆ ಒಂದು ಸಲ ಮುಗಿಯಲೇ ಇಲ್ಲ.

ಸೆಟ್ ಮಾಡಲು ಅವಳಿಗೆ ಬೇರೆ ಕೋಣೆ ಇರಲಿಲ್ಲ. ಅಡುಗೆಮನೆಯ ಕಟ್ಟೆಯ ಮೂಲೆಯಲ್ಲಿ ಲ್ಯಾಪ್‌ಟಾಪು. ಹೆಡ್‌ಫೋನು ಒಂದು ಕಿವಿಗೆ ಮಾತ್ರ. ಇನ್ನೊಂದು ಕಿವಿ ಕುಕ್ಕರಿನ ವಿಷಲ್ಲಿಗೆ, ಮಾವನ ಕಾಫಿಯ ಕರೆಗೆ, ಬಾಗಿಲ ಸದ್ದಿಗೆ. ಹಿಟ್ಟಿನ ಕೈ ಒರೆಸಿಕೊಂಡು ಒಂದು ಹಾಡು ಕತ್ತರಿಸುವಳು, ಮತ್ತೆ ಹೋಗಿ ಮುದ್ದೆ ಕಟ್ಟುವಳು. ಲ್ಯಾಪ್‌ಟಾಪನ್ನು ಬಸ್ತಿಹಳ್ಳಿಯ ತಾಯಿ ನಂಜಮ್ಮಣ್ಣಿ ಡೈರಿಗೆ ಹಾಲು ಹಾಕಿ ಕೂಡಿಟ್ಟ ದುಡ್ಡಿನಲ್ಲಿ ಕೊಡಿಸಿದ್ದರು. ಮಗಳು ಬಿ.ಎಡ್. ಓದಲಿ ಎಂದು.

ಬಿ.ಎಡ್. ಓದು ನಿಂತದ್ದು ದುಡ್ಡಿಲ್ಲ ಎಂಬ ಕಾರಣಕ್ಕೆ. ಕ್ಲಬ್ಬಿನಲ್ಲಿ ಒಂದು ರಾತ್ರಿಗೆ ಮೂರು ಸಾವಿರ ಕೊಡುತ್ತಾರೆ, ಅದರಲ್ಲೇ ಪೆಟ್ರೋಲು, ಅದರಲ್ಲೇ ವೈರು ಪ್ಲಗ್ಗುಗಳ ಖರ್ಚು ಎಂದು ಮಹಾಂತೇಶ್ ಹೇಳುತ್ತಿದ್ದ. "ಡಿಜೆಗಳು ಲಕ್ಷ ಲಕ್ಷ ದುಡೀತಾರೆ ಅನ್ನೋದೆಲ್ಲ ಬೆಂಗಳೂರಿನ ದೊಡ್ಡವರ ಮಾತು ಕಣೇ. ನಮ್ಮ ಕಡೆ ಹೆಸರು ಮೊದಲು, ದುಡ್ಡು ಆಮೇಲೆ. ರೇಟು ಹತ್ತು ಸಾವಿರ ಮುಟ್ಟಿದ ದಿನ ಅರ್ಧ ನಿನ್ನ ಕೈಗೆ. ನೀನು ಬಿ.ಎಡ್. ಸೇರು, ಏನ್ ಬೇಕಾದ್ರೂ ಮಾಡು."

ಆ ಹತ್ತು ಸಾವಿರವನ್ನು ಶಿಲ್ಪಾ ಕಾಯುತ್ತಿದ್ದಳು. ಬಟ್ಟೆ ಒಗೆಯುವ ಮೆಷಿನ್ ತರೋಣವೆಂದು ಒಮ್ಮೆ ಕೇಳಿದಾಗ ವಿಶಾಲಮ್ಮ, "ಮೂರು ಸಾವಿರದಾಗೆ ಮೆಷಿನ್ ಎಲ್ಲಿಂದ ಬತ್ತೈತಮ್ಮ," ಎಂದಿದ್ದರು. ನಿಜವೇ ಅನ್ನಿಸಿತ್ತು. ಸಿಗರೇಟಿನ ಹೊಗೆ, ಬೆವರು, ಯಾರೋ ಚೆಲ್ಲಿದ ಬಿಯರ್ ಕುಡಿದು ಬಂದ ಕಪ್ಪು ಅಂಗಿಯನ್ನು ಭಾನುವಾರ ಬೆಳಿಗ್ಗೆ ಅವಳು ಕೈಯಲ್ಲೇ ತಿಕ್ಕುತ್ತಿದ್ದಳು.

ಡಿಸೆಂಬರಿನ ಒಂದು ಬೆಳಿಗ್ಗೆ ಮಹಾಂತೇಶ್ ಸ್ನಾನಕ್ಕೆ ಹೋಗಿದ್ದಾಗ ಅವನ ಫೋನು ಹೊಡೆದುಕೊಂಡಿತು. ಎರಡು ಸಲ ನಿಂತು ಮೂರನೆಯ ಸಲವೂ ಬಂದಾಗ ಶಿಲ್ಪಾ ಎತ್ತಿದಳು.

"ಮಹಿ ಸರ್?"

"ಸ್ನಾನಕ್ಕೆ ಹೋಗಿದಾರೆ. ನಾನು ಅವರ ಮಿಸೆಸ್ಸು. ಏನಾದ್ರೂ ಹೇಳಬೇಕಿತ್ತಾ?"

"ನಮಸ್ಕಾರ ಮೇಡಂ. ಬಿಕ್ಕೋಡು ರೆಸಾರ್ಟಿನ ಮ್ಯಾನೇಜರ್ ನಾನು. ಮೂವತ್ತೊಂದನೇ ತಾರೀಖಿಗೆ ಅವರೇ ಅಂತ ಪಕ್ಕಾ ಮಾಡ್ಕೋಬೇಕಿತ್ತು. ರೇಟು ಮಾಮೂಲೇ ಅಂತ ಹೇಳ್ಬಿಡಿ."

ಯೋಚಿಸುವ ಮೊದಲೇ ಶಿಲ್ಪಾಳ ಬಾಯಿ ತನ್ನ ಕೆಲಸ ಮಾಡಿತು. "ಹೊಸ ವರ್ಷ ಅಂದ್ಮೇಲೆ ಮಾಮೂಲಿ ಹೆಂಗಾಗುತ್ತೆ ಸರ್? ಮೇಲೆ ಒಂದೈನೂರು ಕೊಸರು ಹಾಕಿ."

ಮ್ಯಾನೇಜರ್ ಜೋರಾಗಿ ನಕ್ಕ. "ಕೊಸರು ಅಂದಾಗಲೇ ಅರಸೀಕೆರೆ ಅಂತ ಗೊತ್ತಾಗೋಯ್ತು ಬಿಡಿ. ಹದಿನೆಂಟು ಸಾವಿರ ಕೊಡೋ ಕಡೆ ಐನೂರೇನು ದೊಡ್ಡದು, ಹಾಕೋಣ. ನೀವೆಲ್ಲಿ ಇಪ್ಪತ್ತೈದು ಕೇಳ್ತೀರೋ ಅಂತ ಹೆದರಿದ್ದೆ."

"ಹದಿನೆಂಟು... ತಿಂಗಳಿಗಾ?"

"ತಿಂಗಳಿಗೆ ಯಾರು ಬರ್ತಾರೆ ಮೇಡಂ? ಒಂದು ರಾತ್ರಿಗೆ. ಶುರುವಿನಲ್ಲಿ ಎಂಟಿತ್ತು, ಹೋದ ವರ್ಷ ಹನ್ನೆರಡು ಮಾಡಿದ್ವಿ, ದೀಪಾವಳಿಯಿಂದ ಹದಿನೆಂಟು. ಕೊಡಲೇಬೇಕು, ಅವರ ಸೆಟ್ ಅಂಥದ್ದು. ಅದನ್ನ ಯಾವಾಗ ಕೂತು ಮಾಡ್ತಾರೋ. ಮನೇಲಿ ಯಾರಿಗೂ ಹಾಡಿನ ಗಂಧ ಇಲ್ಲ, ಒಬ್ನೇ ಒದ್ದಾಡ್ತೀನಿ ಅಂತಿರ್ತಾರೆ ಪಾಪ."

ಶಿಲ್ಪಾ ಹೇಳುತ್ತೇನೆ ಎಂದು ಫೋನು ಕೆಳಗಿಟ್ಟಳು. ಬಚ್ಚಲಿನಿಂದ ಗಂಡ ಹಾಡು ಗುನುಗುವುದು ಕೇಳುತ್ತಿತ್ತು. ಅದು ಅವಳು ನೆನ್ನೆ ಜೋಡಿಸಿದ ಹಾಡು. ಬೆಸುಗೆ ಬೀಳುವ ಜಾಗದಲ್ಲಿ ಅವನು ಎಂದಿನಂತೆ ತಾಳ ತಪ್ಪಿದ.

ಮಧ್ಯಾಹ್ನ ಮೂವರಿಗೂ ಬಡಿಸಿ ಆದ ಮೇಲೆ ಅವಳು ಸೌಟು ಹಿಡಿದೇ ಹೇಳಿದಳು. "ರೀ, ರೆಸಾರ್ಟಿನಿಂದ ಫೋನ್ ಬಂದಿತ್ತು. ಮೂವತ್ತೊಂದಕ್ಕೆ ನೀವೇ ಅಂತೆ. ಐನೂರು ಕೊಸರು ಒಪ್ಪಿಸಿದೀನಿ."

ದೇವೀರಪ್ಪನವರಿಗೆ ಖುಷಿಯಾಯಿತು. "ಈಗ ನೋಡು, ನಮ್ಮನೆ ಸೊಸೆ ಅಂದ್ರೆ ಇವಳು."

"ಹದಿನೆಂಟು ಸಾವಿರದ ಮೇಲೆ," ಎಂದಳು ಶಿಲ್ಪಾ.

ಮಹಾಂತೇಶನ ಕೈ ಸಾರಿನಲ್ಲಿ ನಿಂತಿತು. ಮಾವ ನೀರಿನ ಲೋಟ ಎತ್ತಿಕೊಂಡರು. ವಿಶಾಲಮ್ಮ ಉಪ್ಪು ಹಾಕಿಕೊಂಡರು. ಆ ಮೊತ್ತ ಕೇಳಿ ಒಬ್ಬರೂ ಬೆಚ್ಚಲಿಲ್ಲ. ಶಿಲ್ಪಾ ಕೇಳಬೇಕೆಂದಿದ್ದ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು.

"ಖರ್ಚು ಎಷ್ಟಿರುತ್ತೆ ಗೊತ್ತಾ ನಿಂಗೆ?" ಎಂದ ಮಹಾಂತೇಶ್.

"ಗೊತ್ತಿಲ್ಲ. ನೀವು ಮೂರು ಸಾವಿರ ಅಂದ್ರಿ, ನಾನು ಮೂರು ಸಾವಿರದ ಸಂಸಾರ ಮಾಡಿದೆ."

"ದುಡ್ಡೆಲ್ಲಿ ಹೋಗೈತಮ್ಮ, ನನ್ನ ಬೀರುನಾಗೇ ಐತೆ," ಎಂದರು ವಿಶಾಲಮ್ಮ, ಸಮಾಧಾನದ ದನಿಯಲ್ಲಿ. "ಹಾಸನದಾಗೆ ಒಂದು ಸೈಟು ನೋಡವ್ರೆ. ಮುಂದೆ ನಿಮಗೇ ತಾನೆ?"

"ಯಾರ ಹೆಸರಿಗೆ ಅತ್ತೆ?"

"ಅವನ ಹೆಸರಿಗೆ. ಅವನ ಹೆಸರಾದ್ರೇನು, ನಿನ್ನ ಹೆಸರಾದ್ರೇನು?"

"ಹಂಗಾದ್ರೆ ನನ್ನ ಹೆಸರಿಗೇ ಮಾಡ್ಸಿ."

"ಎಲೆ ಮುಂದೆ ಕೂತು ದುಡ್ಡಿನ ಮಾತು ಬ್ಯಾಡ," ಎಂದು ದೇವೀರಪ್ಪನವರು ಮುಗಿಸಿಬಿಟ್ಟರು. ಕೊಬ್ಬರಿಯ ಧಾರಣೆ ಹೇಳದೆ ಒಂದು ತುತ್ತು ನುಂಗಿದವರಲ್ಲ ಅವರು.

ಶಿಲ್ಪಾ ಅತ್ತೆಯ ಸೊಂಟವನ್ನೇ ನೋಡುತ್ತಿದ್ದಳು. ಬೀರುವಿನ ಬೀಗದ ಕೈ ಅಲ್ಲಿ ಸಿಕ್ಕಿಸಿಕೊಂಡೇ ಅವರು ಅಂದು ಮೆಷಿನ್ ಎಲ್ಲಿಂದ ಬರುತ್ತದೆಂದು ಕೇಳಿದ್ದು. ಮಂಡಿನೋವಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತ, "ನೀನು ನನ್ನ ಮಗಳಿದ್ದಂಗೆ ಕಣಮ್ಮ," ಎಂದದ್ದು. ಗಂಡ ಮುಚ್ಚಿಟ್ಟದ್ದಕ್ಕಿಂತ ಅದು ಹೆಚ್ಚು ಚುಚ್ಚಿತು. ಗಂಡಸರ ದುಡ್ಡಿನ ಗುಟ್ಟು ಕಾಯುವ ಕೆಲಸಕ್ಕೂ ಮನೆಯಲ್ಲಿ ಒಬ್ಬ ಹೆಂಗಸೇ ಬೇಕಾಯಿತು. ಬೀಗದ ಕೈ ಸೊಂಟದಲ್ಲಿದ್ದರೂ ಬೀರುವಿನಿಂದ ನೂರು ರೂಪಾಯಿ ತೆಗೆಯಲು ವಿಶಾಲಮ್ಮ ಮಗನನ್ನೋ ಗಂಡನನ್ನೋ ಕೇಳಬೇಕು ಎಂಬುದು ಶಿಲ್ಪಾಳಿಗೆ ಗೊತ್ತಿತ್ತು. ಗೊತ್ತಿದ್ದರೂ ಆ ಹೊತ್ತು ಕನಿಕರ ಬರಲಿಲ್ಲ.

ಊಟವಾದ ಮೇಲೆ ಮಹಾಂತೇಶ್ ಅಡುಗೆಮನೆಗೆ ಬಂದು ಪಿಸುದನಿಯಲ್ಲಿ, "ಮೂವತ್ತೊಂದರ ಸೆಟ್ ಸ್ವಲ್ಪ ಜೋರಾಗಿರ್ಲಿ," ಎಂದ. ನಡುವೆ ಏನೂ ಆಗಿಲ್ಲವೆಂಬಂತೆ.

"ಅರ್ಧ ಕೊಡಿ. ಒಂಬತ್ತು ಸಾವಿರ. ಕೈಗೆ ಬಂದ್ಮೇಲೆ ಕೂರ್ತೀನಿ. ಹತ್ತು ದಾಟಿದ್ಮೇಲೆ ಅರ್ಧ ಅಂದೋರು ನೀವೇ."

ಅವನಿಗೆ ನಗು ಬಂತು. "ಮನೆ ಕೆಲಸಕ್ಕೂ ರೇಟು ಹಾಕ್ತೀಯಾ? ಇವತ್ತಿನ ಸಾರಿಗೆ ಎಷ್ಟಾಯ್ತು ಹೇಳ್ಬಿಡು."

"ಸಾರನ್ನ ನೀವು ಹೊರಗೆ ಮಾರ್ತಿಲ್ಲವಲ್ಲ."

ಅವನು ಎರಡು ದಿನ ಮುನಿಸಿಕೊಂಡು ಓಡಾಡಿದ. ಮೂರನೆಯ ದಿನ ಸಿಳ್ಳೆ ಹಾಕುತ್ತ ಬಂದ. ನಡುವಿನ ಶನಿವಾರಕ್ಕೆ ಹಳೆಯ ಸೆಟ್ಟನ್ನೇ ಒಯ್ದ. ಕ್ರಿಸ್‌ಮಸ್ಸಿನ ಹೊತ್ತಿಗೂ ಅಡುಗೆಮನೆಯ ಲ್ಯಾಪ್‌ಟಾಪು ತೆರೆಯಲಿಲ್ಲ, ಅವನು ಕೇಳಲೂ ಇಲ್ಲ. ತನ್ನ ಮಾತು ಮನಸ್ಸಿಗೆ ತಾಕಿರಬೇಕು, ಬೀರುವಿನಿಂದ ಒಂಬತ್ತು ಸಾವಿರ ಬರುತ್ತದೇನೋ ಎಂದು ಶಿಲ್ಪಾ ಒಳಗೊಳಗೇ ಕಾದಳು. ಬೀರು ತೆರೆದದ್ದೇನೋ ನಿಜ. ವಿಶಾಲಮ್ಮ ನೋಟು ತೆಗೆದು ಮಗನಿಗೆ ಕೊಡುವಾಗ ಅವಳು ಬಾಗಿಲಲ್ಲೇ ಇದ್ದಳು.

"ಹಾಸನದ ಹುಡುಗ, ಹೇಮಂತ್ ಅಂತೆ," ಎಂದರು ವಿಶಾಲಮ್ಮ, ಅವಳ ಮುಖ ನೋಡದೆ. "ಅವನ ಹತ್ರ ಮಾಡ್ಸವ್ನೆ ಸೆಟ್ಟು. ಆರು ಸಾವಿರ."

"ಆರು ಸಾವಿರ ಕೊಡ್ತಿದೀರಾ?"

"ಮತ್ತೆ? ಹೊರಗಿನೋರ ಹತ್ರ ಪುಕ್ಕಟೆ ಮಾಡಿಸ್ಕೊಳಕ್ಕಾಯ್ತದೇನಮ್ಮ?"

ಶಿಲ್ಪಾ ಬಾಗಿಲ ಚೌಕಟ್ಟಿಗೆ ಒರಗಿದಳು. ಸೆಟ್ಟಿಗೆ ಬೆಲೆಯಿಲ್ಲವೆಂದು ಇವರು ತಿಳಿದಿದ್ದರೆ ಒಂದು ಮಾತು. ಬೆಲೆ ಎಷ್ಟೆಂಬುದು ಈ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವಳ ಕೈಯಿಂದ ಬಂದಾಗ ಮಾತ್ರ ಅದು ರಾಶಿಯ ಮೇಲೆ ಬಿದ್ದ ಎಣಿಕೆಗಿಲ್ಲದ ಕಾಯಿ.

ಜನವರಿ ಒಂದರ ಬೆಳಿಗ್ಗೆ ಮಹಾಂತೇಶ್ ಕೆಂಪು ಕಣ್ಣಲ್ಲಿ ಬಂದವನು ಕಪ್ಪು ಅಂಗಿ ಬಿಚ್ಚಿ ಬಕೆಟ್ಟಿಗೆ ಹಾಕಿದ. ಜೇಬಿನಿಂದ ಒಂದು ಐನೂರರ ನೋಟು ತೆಗೆದು ಅಡುಗೆಮನೆಯ ಕಟ್ಟೆಯ ಮೇಲಿಟ್ಟ.

"ತಗೋ. ನೀನು ಕೇಳಿದ ಕೊಸರು. ನಿಂದೇ. ನಾನೇನು ಮೋಸಗಾರ ಅಲ್ಲ."

ಅವನು ಮಲಗಲು ಹೋದ. ಶಿಲ್ಪಾ ನೋಟು ತೆಗೆದುಕೊಂಡಳು, ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿದಳು, ಎರಡು ಸೀರೆ ಮಡಿಸಿಕೊಂಡಳು. ಅಂಗಿ ಬಕೆಟ್ಟಿನಲ್ಲೇ ಇತ್ತು. "ಎಲ್ಲಿಗಮ್ಮ?" ಎಂದ ವಿಶಾಲಮ್ಮನಿಗೆ, "ಅಮ್ಮನ್ನ ನೋಡ್ಕೊಂಡು ಬತ್ತೀನಿ," ಎಂದಷ್ಟೇ ಹೇಳಿ ಹಳೇಬೀಡಿನ ಬಸ್ಸು ಹತ್ತಿದಳು.

ಬಸ್ತಿಹಳ್ಳಿಯಲ್ಲಿ ನಂಜಮ್ಮಣ್ಣಿ ಹಸುವಿಗೆ ಬೂಸಾ ಕಲಸುತ್ತಿದ್ದರು. ಮಗಳನ್ನು ಕಂಡು ಕೈ ತೊಳೆದು ಬಂದು, ಕಾಫಿಗಿಡುತ್ತಲೇ ಮಾತಿಗೆ ತೊಡಗಿದರು.

"ಅಳಿಯಂದಿರು ನೆನ್ನೆ ಬಂದಿದ್ರು. ಪಾಪ, ಹೊಸ ವರ್ಷ ಅಂತ ಲೋಕವೆಲ್ಲ ಕುಣೀತೈತೆ, ಅವರು ಮೂರು ಸಾವಿರಕ್ಕೆ ಅಷ್ಟು ದೂರ ಹೋಗಬೇಕು. ಹಬ್ಬದ ದಿನ ಬರಿಗೈಲಿ ಕಳಿಸಬಾರದು ಅಂತ ಮುನ್ನೂರು ಕೊಟ್ಟೆ. ಬೇರೆ ವಾರ ಆದ್ರೆ ಇನ್ನೂರೇ."

ಶಿಲ್ಪಾಳಿಗೆ ಮೊದಲು ಅರ್ಥವಾಗಲಿಲ್ಲ. "ಯಾವ ಇನ್ನೂರು?"

"ಪೆಟ್ರೋಲಿಗೆ ಕಣೇ. ಪ್ರತಿ ಶನಿವಾರ ಕೊಡ್ತೀನಿ. ನೀನು ಬೈತೀಯ ಅಂತ ಹೇಳಿರಲಿಲ್ಲ. ಡೈರಿ ದುಡ್ಡು ಬರುತ್ತಲ್ಲ, ಅದ್ರಾಗೆ."

ಕಾಫಿ ಉಕ್ಕಿ ಒಲೆಯ ಮೇಲೆ ಸುರಿಯಿತು. ಶಿಲ್ಪಾ ಒಲೆ ಆರಿಸಿದಳು.

"ಅವರು ಬೇಡ ಅನ್ನಲಿಲ್ವಾ ಅಮ್ಮ?"

ನಂಜಮ್ಮಣ್ಣಿ ನೆನಪು ಮಾಡಿಕೊಂಡರು. "ಮೊದಲನೇ ಸಲ ಅಂದ್ರು."

ಶಿಲ್ಪಾ ಐನೂರರ ನೋಟು ತೆಗೆದು ತಾಯಿಯ ಅಂಗೈಯಲ್ಲಿಟ್ಟಳು. ಅವರು ಕೈ ಹಿಂದೆಗೆದರು. "ನನಗ್ಯಾಕೆ? ಅವರಿಗೇ ಇರಲಿ, ಶನಿವಾರ ಹೋಗಬೇಕಲ್ಲ."

"ಒಂದು ರಾತ್ರಿಗೆ ಹದಿನೆಂಟು ಸಾವಿರ ಅಮ್ಮ ಅವರಿಗೆ. ಮೂರು ಯಾವತ್ತೂ ಇರಲಿಲ್ಲ. ಆ ಮನೇಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದೋರು ನಾನು, ನೀನು ಇಬ್ರೇ."

ನಂಜಮ್ಮಣ್ಣಿ ಒಲೆಯ ಸುತ್ತ ಚೆಲ್ಲಿದ ಕಾಫಿಯನ್ನು ಬಟ್ಟೆಯಿಂದ ಒರೆಸಿದರು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದರು. ಹಸು ಹೊರಗಿನಿಂದ ಕೂಗಿತು, ಅವರು ಹೋಗಲಿಲ್ಲ.

"ಹೋದ ವಾರ ಚಟ್ನಿಗೆ ಕಾಯಿ ಇರಲಿಲ್ಲ," ಎಂದರು ಕೊನೆಗೆ. "ಕಾಯಿ ಮಂಡಿಯೋರ ಮಗ ಬರ್ತಾರೆ ಅಂತ ಹಳೇಬೀಡಿಗೆ ಹೋಗಿ ಕಾಯಿ ಕೊಂಡ್ಕೊಂಡು ಬಂದೆ ಕಣೇ ನಾನು."

ಇಬ್ಬರಿಗೂ ನಗು ಬರಬಹುದಿತ್ತು. ಬರಲಿಲ್ಲ.

ಮಹಾಂತೇಶ್ ಬೆಳಗಿನ ಜಾವ ಹಿಂದಿರುಗುವಾಗ ಜಗುಲಿಯ ಮೇಲಿಟ್ಟು ಹೋದ ಕ್ಯಾರಿಯರನ್ನು ನಂಜಮ್ಮಣ್ಣಿ ತೊಳೆದು ಗೋಡೆಯ ಹಲಗೆಯ ಮೇಲೆ ಮುಂದಿನ ಶನಿವಾರಕ್ಕೆ ಬೋರಲು ಹಾಕಿದ್ದರು. ಈಗ ಅದನ್ನು ಕೆಳಗಿಳಿಸಿ, ಡಬ್ಬಿಗಳನ್ನು ಒಂದರ ಮೇಲೊಂದು ಕೂರಿಸಿ, ಹಿಡಿ ಸಿಕ್ಕಿಸಿ ಮಗಳ ಮುಂದೆ ಇಟ್ಟರು.

"ಇದು ನಿಮ್ಮ ಮನೇದು. ಹೋಗುವಾಗ ತಗೊಂಡೋಗು."

ಶಿಲ್ಪಾ ಅದನ್ನು ಮುಟ್ಟಲಿಲ್ಲ. ಲ್ಯಾಪ್‌ಟಾಪಿನ ಚೀಲವನ್ನು ಹೆಗಲಿನಿಂದ ತೆಗೆದು, ಮದುವೆಗೆ ಮುಂಚೆ ಕಾಲೇಜಿನ ಚೀಲ ಹಾಕುತ್ತಿದ್ದ ಗೂಟಕ್ಕೆ ನೇತುಹಾಕಿದಳು.

"ಶನಿವಾರ ಬರ್ತಾರಲ್ಲ," ಎಂದಳು. "ಬಾಗಿಲಲ್ಲೇ ಕೊಡು. ಖಾಲಿ ಕ್ಯಾರಿಯರ್."