ಹಾಲಿನ ಗಂಗಾಧರ ನುಂಗಿದ ತುತ್ತು

ಉದಕಮಂಡಲದ ಆಸ್ಪತ್ರೆಯ ಹಿಂಬಾಗಿಲು. ಇನ್ನೂ ಬೆಳಕು ಹರಿದಿಲ್ಲ, ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದೆ. ಗಂಗಾಧರ ಹೆಗಲಿನ ಕಾವಡಿ ಇಳಿಸಿ, ಅಡುಗೆಯವನಿಗೆ ಹಾಲು ಅಳೆದು ಕೊಡುತ್ತಾರೆ. ರೋಗಿಗಳ ಗಂಜಿಗೂ ಕಾಫಿಗೂ ಇದೇ ಹಾಲು. ತಂದವರ ಹೆಸರು ಮಾತ್ರ ಕುಡಿಯುವ ಯಾರಿಗೂ ಗೊತ್ತಿಲ್ಲ.

ಇವರು ಬೆಟ್ಟದ ಮೇಲಿನ ಹಟ್ಟಿಯ ವೀರಶೈವರು. ಎಮ್ಮೆ ಕರೆದು ಪೇಟೆಗೆ ಹಾಲು ಹೊರುವುದು ತಂದೆಯ ಕಾಲದಿಂದ ಬಂದ ಕೆಲಸ. ಹೋದ ಮಳೆಗಾಲದಲ್ಲಿ ಇದೇ ಬಾಗಿಲಲ್ಲಿ ಕುಸಿದು ಬಿದ್ದರು. "ಹೊಟ್ಟೆ ಉರಿ ಎನಗೆ ಹೊಸದಲ್ಲ ಸಾಮಿ. ಉಣ್ಣದೆ ಹೊರಡೋನಿಗೆ ಇದ್ದದ್ದೇ ಅಂತ ಸುಮ್ಮನಿದ್ದೆ," ಎಂದು ಪತ್ರಿಕೆಗೆ ಬರೆದುಕೊಳ್ಳಲು ಬಂದ ನನಗೆ ಹೇಳುತ್ತಾರೆ.

ನಾವೂ ಹಾಗೇ ಸೋಡಾ ಕುಡಿದು ಮಲಗುವವರೇ. ಆದರೆ ಇಲ್ಲಿನ ಡಾಕ್ಟರ್ ರಂಗನಾಥನ್ ಹೇಳಿದ್ದೇ ಬೇರೆ. ಹೊಟ್ಟೆಯ ಒಳಪೊರೆಯ ಉರಿಯೂತ ಬಹಳ ಮಂದಿಗೆ ಪಥ್ಯದಲ್ಲೇ ತಗ್ಗುತ್ತದಂತೆ. ಇವರದು ವರ್ಷಗಟ್ಟಲೆ ಬೆಂದು ಪೊರೆಯೇ ಸವೆದಿದೆ, ಮೈಯಲ್ಲಿ ರಕ್ತ ಕೂಡುತ್ತಿಲ್ಲ. "ಸವೆದ ಪೊರೆ ಮತ್ತೆ ಬೆಳೆಯೋದು ಕಷ್ಟ. ದಿನಾ ಆಡಿನ ಈರಲ್ ತಿಂದರೆ ರಕ್ತ ಕೂಡಿ ಇನ್ನೂ ಬಹಳ ವರ್ಷ ಹಾಲು ಹೊರಬಹುದು. ಇಲ್ಲದಿದ್ದರೆ ವರ್ಷ ದಾಟೋದು ಅನುಮಾನ," ಎಂದರು ಡಾಕ್ಟರು. ಈರಲ್ ಎಂದರೆ ಯಕೃತ್ತು, ಅದೂ ಅರೆಬೆಂದದ್ದು. ಬಿಳಿಯರ ಸೀಮೆಯಲ್ಲಿ ಈಚೆಗೆ ಕಂಡುಹಿಡಿದ ಮದ್ದಂತೆ.

ಕೊರಳಲ್ಲಿ ಲಿಂಗ ಕಟ್ಟಿದವರಿಗೆ ಈ ಮಾತೇ! ಮಾಂಸ ಮುಟ್ಟಿದ ಕೈ ಎಮ್ಮೆಯ ಕೆಚ್ಚಲು ಮುಟ್ಟುವಂತಿಲ್ಲ, ಹಾಲುಮನೆಯ ಹೊಸಿಲು ದಾಟುವಂತಿಲ್ಲ. "ಸತ್ತರೆ ಮಣ್ಣು ಕೊಡೋಕೆ ನಾಲ್ಕು ಜನ ಬತ್ತಾರೆ. ತಿಂದರೆ ಅವರೂ ಬರೋದಿಲ್ಲ," ಎಂದು ಗಂಗಾಧರ ಎದ್ದು ಹೊರಟರಂತೆ.

ತಡೆದವರು ಹೆಂಡತಿ ಶಿವಮ್ಮ. ಹುಟ್ಟಿದಂದಿನಿಂದ ಮಾಂಸದ ವಾಸನೆ ಕಾಣದ ಹೆಂಗಸು, ತಾವೇ ಕಟುಕರ ಬೀದಿಗೆ ಹೋಗಿ, ಆಸ್ಪತ್ರೆಯ ಹಿತ್ತಿಲಲ್ಲಿ ಒಲೆ ಹೂಡಿದರು. ಗಂಗಾಧರ ಬಾಯಿ ತೆರೆಯಲಿಲ್ಲ. ಆಗ ಮೊದಲ ತುಂಡನ್ನು ಶಿವಮ್ಮ ತಮ್ಮ ಬಾಯಿಗೇ ಇಟ್ಟುಕೊಂಡರು. ಅವರಿಗೆ ಯಾವ ರೋಗವೂ ಇಲ್ಲ! ಎರಡನೆಯ ತುಂಡಿಗೆ ಗಂಗಾಧರ ಬಾಯಿ ತೆರೆದರು.

"ವಾಂತಿ ಬಂತು, ತಡಕೊಂಡೆ," ಎನ್ನುತ್ತಾರೆ ಶಿವಮ್ಮ. "ಇವರೊಬ್ಬರನ್ನೇ ಹಟ್ಟಿಯಿಂದ ಹೊರಗೆ ನಿಲ್ಲಿಸೋಕೆ ನಾ ಬಿಡೋದುಂಟಾ? ನಿಲ್ಲಿಸಿದರೆ ಇಬ್ಬರನ್ನೂ ನಿಲ್ಲಿಸಲಿ."

ನಿಲ್ಲಿಸಿದ್ದಾರೆ. ಈಗ ಎಮ್ಮೆ ಕರೆಯುವುದು ತಮ್ಮ. ಅವನು ಹೊಸಿಲಾಚೆ ಇಟ್ಟ ಹಾಲನ್ನು ಹೊರುವುದಷ್ಟೇ ಗಂಗಾಧರರ ಪಾಲು. ಆದರೆ ಬಿಳಿಚಿದ್ದ ಮುಖಕ್ಕೆ ರಕ್ತ ಬಂದಿದೆ, ಏರು ಹತ್ತುವಾಗ ಏದುಸಿರಿಲ್ಲ. ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಖಾಲಿ ಕಾವಡಿ ಹೆಗಲಿಗೇರಿಸುತ್ತ ಅವರು ಹೇಳುತ್ತಾರೆ:

"ಎನ್ನಿಂದ ಇವಳು ಕೆಟ್ಟಳು ಅಂತಾರೆ ಹಟ್ಟಿಯಲ್ಲಿ. ಇವಳಿಂದ ನಾ ಉಳಿದೆ ಅಂತ ನೀವು ಬರೀರಿ ಸಾಮಿ."